ನೋಟ್ಸ್ ಖಾಲಿ ಇದೆ ಅಂದಮಾತ್ರಕ್ಕೆ

ಓದುಗರ ಪತ್ರ: ಸಂಪಾದಕರೇ, ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಗಣಿತ, ವಿಜ್ಞಾನದ ನೋಟ್ಸ್ ಭರ್ತಿಯಾಗಿದೆ. ಇತಿಹಾಸ, ಸಾಹಿತ್ಯದ ತರಗತಿಯಲ್ಲಿ ಮಾತ್ರ ಬರೀ ಚಟುವಟಿಕೆ. ಒಂದು ದಿನ ಚರ್ಚೆ, ಒಂದು ದಿನ ಅಣಕು ನ್ಯಾಯಾಲಯ, ಇನ್ನೊಂದು ದಿನ ಯಾರದೋ ಹಳೇ ಡೈರಿ ಓದುವುದು. ಪ್ರಗತಿ ಪತ್ರದಲ್ಲಿ ಅಂಕ ಬರೆಯುವ ಜಾಗದಲ್ಲಿ ಟೀಚರ್ ನಾಲ್ಕು ಸಾಲು ಬರೆದಿದ್ದಾರೆ. ಅದರಲ್ಲೊಂದು: ‘ಮೊದಲು ಹೇಳಿದ್ದನ್ನು ಒಪ್ಪುತ್ತಿದ್ದಳು, ಈಗ ಯಾರು ಹೇಳಿದ್ದು ಎಂದು ಕೇಳುತ್ತಾಳೆ.’ ಇದೆಂಥ ಪ್ರಗತಿ? ಆಟ ಆಡಿಸುವ ಬದಲು ಪಾಠ ಮುಗಿಸಿ ಎಂದು ನೀವಾದರೂ ಬರೆಯಿರಿ.
– ಒಬ್ಬ ತಂದೆ

ಸಂಪಾದಕರ ಉತ್ತರ:

ಬರೆಯುತ್ತೇನೆ ಸ್ವಾಮಿ. ಆದರೆ ನೀವು ಬಯಸಿದ್ದನ್ನಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮನ್ನು ಹೊಗಳಬೇಕು. ಎಷ್ಟೋ ಅಪ್ಪಅಮ್ಮಂದಿರು ಪ್ರಗತಿ ಪತ್ರದಲ್ಲಿ ಕೆಳಗಿನ ಒಟ್ಟು ಮೊತ್ತ ನೋಡಿ ಸಹಿ ಹಾಕಿ ಕೊಡುತ್ತಾರೆ. ನೀವು ಟೀಚರ್ ಬರೆದ ಸಾಲುಗಳನ್ನು ಓದಿದ್ದೀರಿ. ಓದಿ ಸಿಟ್ಟಾಗಿದ್ದೀರಿ. ಸಿಟ್ಟಿನಲ್ಲೇ ಆದರೂ ಆ ಸಾಲನ್ನು ನನಗೆ ನಕಲು ಮಾಡಿ ಕಳಿಸಿದ್ದೀರಿ. ಅಷ್ಟು ಸಾಕು, ನಿಮ್ಮ ಜೊತೆ ಜಗಳ ಆಡಬಹುದು.

ನಿಮ್ಮ ಮಾತಿನಲ್ಲಿ ಸರಿಯಾದದ್ದೂ ಇದೆ. ತಲೆಯಲ್ಲಿ ಏನೂ ಇಲ್ಲದೆ ಚರ್ಚೆ ಮಾಡೋಕೆ ಆಗಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಗೊತ್ತಿಲ್ಲದವರು ಕಾರಣ ಹುಡುಕುವುದು ಹೇಗೆ? ಪರೀಕ್ಷೆಯೂ ಕೆಟ್ಟದ್ದಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದಿಷ್ಟು ಗದ್ಯ ಕೊಟ್ಟು ನೋಡಿದರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಹಾಗಾಗಿ ಕಿರುಪರೀಕ್ಷೆ ಇರಲಿ, ಇಸವಿಗಳೂ ಇರಲಿ. ನಿಮ್ಮ ಪಾಲಿಗೆ ಇಷ್ಟು.

ಈಗ ಅಂಕದ ವಿಷಯಕ್ಕೆ ಬರೋಣ. ಅಂಕ ಇದ್ದರೆ ಮಗಳು ಎಲ್ಲಿದ್ದಾಳೆ ಅಂತ ನಿಖರವಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದೀರಿ, ಅಲ್ವಾ? 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದು ತುಂಟ ಕೆಲಸ ಮಾಡಿದರು. ಹೈಸ್ಕೂಲಿನ ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿ ತೆಗೆಸಿ ಬೇರೆ ಬೇರೆ ಶಾಲೆಗಳಿಗೆ ಕಳಿಸಿದರು. 142 ಉಪಾಧ್ಯಾಯರು ತಿದ್ದಿದರು. ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು. ಎರಡನೇ ಪತ್ರಿಕೆಗೆ 50ರಿಂದ 97ರವರೆಗೆ. ಬರೆದ ಹುಡುಗ ಅದೇ, ಅಕ್ಷರ ಅದೇ, ತಪ್ಪುಗಳೂ ಅವೇ! ಭಾಷೆ ಅಂದರೆ ಹಾಗೇ, ಗಣಿತದಲ್ಲಿ ಇಂಥದ್ದೆಲ್ಲ ನಡೆಯಲ್ಲ ಎಂದು ಟೀಕಿಸಿದವರಿದ್ದರು. ಮರುವರ್ಷ ಇದೇ ಜೋಡಿ ರೇಖಾಗಣಿತದ ಪತ್ರಿಕೆ ಕಳಿಸಿತು. ಅಂತರ ಇನ್ನೂ ಜಾಸ್ತಿಯಾಯಿತು.

1961ರಲ್ಲಿ ಪಾಲ್ ಡೀಡರಿಚ್ ಮತ್ತು ಸಂಗಡಿಗರು ಇದನ್ನೇ ದೊಡ್ಡದಾಗಿ ಮಾಡಿದರು. ಕಾಲೇಜಿನ ಮೊದಲ ವರ್ಷದವರ 300 ಪ್ರಬಂಧ, ಓದಿದವರು 53 ಜನ, ಕೊಡಬಹುದಾದ ದರ್ಜೆ ಒಂಬತ್ತು. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ಬಂದಿದ್ದವು. ಅಂದರೆ ಒಬ್ಬರಿಗೆ ಶ್ರೇಷ್ಠ ಅನ್ನಿಸಿದ್ದು ಇನ್ನೊಬ್ಬರಿಗೆ ಕಸ. ಓದಿದವರಲ್ಲಿ ಸಂಪಾದಕರೂ ಇದ್ದರು ಎಂಬುದು ನಮ್ಮ ವೃತ್ತಿಯ ಮಾನಕ್ಕೆ ಅಷ್ಟೇನೂ ಒಳ್ಳೆಯ ಸುದ್ದಿಯಲ್ಲ. ಇರಲಿ.

ಇನ್ನು ನಿಮ್ಮ ಮಗಳು ‘ಯಾರು ಹೇಳಿದ್ದು’ ಎಂದು ಕೇಳುವ ವಿಚಾರ. ನೀವು ಹಗುರವಾಗಿ ತೆಗೆದುಕೊಂಡ ಆ ಸಾಲು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಸ್ಯಾಮ್ ವೈನ್‌ಬರ್ಗ್ ಎಂಬ ಸಂಶೋಧಕರು 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ಇತಿಹಾಸಕಾರರು, ಎಂಟು ಹೈಸ್ಕೂಲು ವಿದ್ಯಾರ್ಥಿಗಳು. ಮಕ್ಕಳೆಲ್ಲ ಓದಿನಲ್ಲಿ ಮುಂದಿದ್ದವರೇ. ಎಲ್ಲರಿಗೂ ಕೊಟ್ಟದ್ದು ಒಂದೇ ಕಟ್ಟು ದಾಖಲೆ: 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ನಡೆದ ಗುಂಡಿನ ಕಾಳಗದ ಬಗ್ಗೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದದ್ದು ಅಲ್ಲಿಂದಲೇ. ಅಲ್ಲಿ ಮೊದಲು ಗುಂಡು ಹಾರಿಸಿದ್ದು ಯಾರು? ಊರಿನವರು ಪ್ರಮಾಣ ಮಾಡಿ ಒಂದು ಹೇಳಿದ್ದಾರೆ, ಬ್ರಿಟಿಷ್ ಅಧಿಕಾರಿಗಳು ಇನ್ನೊಂದು ಬರೆದಿದ್ದಾರೆ. ಇವತ್ತಿಗೂ ಅದು ತೀರ್ಮಾನ ಆಗಿಲ್ಲ.

ಇತಿಹಾಸಕಾರರು ಪ್ರತಿ ಕಾಗದ ಕೈಗೆ ಬಂದ ಕೂಡಲೇ ಬರೆದವರು ಯಾರು, ಯಾವಾಗ ಬರೆದದ್ದು ಎಂದು ನೋಡಿದರು. ಹೆಚ್ಚುಕಮ್ಮಿ ಪ್ರತಿ ಸಲವೂ. ಮಕ್ಕಳು ಹಾಗೆ ನೋಡಿದ್ದು ಮೂರರಲ್ಲಿ ಒಂದು ಸಲಕ್ಕಿಂತ ಕಡಿಮೆ. ಉಳಿದಂತೆ ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಸುಮ್ನೆ ಓದುತ್ತಾ ಹೋದರು. ಪಠ್ಯಪುಸ್ತಕದಿಂದ ತೆಗೆದ ತುಣುಕನ್ನೇ ಎಲ್ಲಕ್ಕಿಂತ ಜಾಸ್ತಿ ನಂಬಿದರು. ತಮಾಷೆ ಅಂದರೆ, ಬೇರೆ ಕಾಲದ ಇತಿಹಾಸ ಓದಿದ್ದ ಕೆಲವು ವಿದ್ವಾಂಸರಿಗಿಂತ ಕೆಲವು ಮಕ್ಕಳಿಗೇ ಆ ಯುದ್ಧದ ವಿವರ ಜಾಸ್ತಿ ಗೊತ್ತಿತ್ತು! ಇಸವಿ, ಹೆಸರುಗಳ ಪರೀಕ್ಷೆ ಇಟ್ಟಿದ್ದರೆ ಆ ವಿದ್ವಾಂಸರಿಗಿಂತ ಆ ಮಕ್ಕಳೇ ಮುಂದಿರುತ್ತಿದ್ದರೇನೋ. ನಿಮ್ಮ ಮಗಳ ಟೀಚರ್ ಒಂದು ವರ್ಷದಲ್ಲಿ ಅವಳನ್ನು ಈ ಕಡೆಯಿಂದ ಆ ಕಡೆಗೆ ಒಂದು ಹೆಜ್ಜೆ ದಾಟಿಸಿದ್ದಾರೆ. ನೀವು ಅದನ್ನು ಆಟ ಅನ್ನುತ್ತಿದ್ದೀರಿ.

ಚಟುವಟಿಕೆಗಳೆಲ್ಲ ಒಳ್ಳೆಯವೇ ಎಂದು ನಾನು ಹೇಳುತ್ತಿಲ್ಲ. ರಟ್ಟಿನ ಕೋಟೆ, ಮಿನುಗು ಹಚ್ಚಿದ ಚಾರ್ಟು, ಅಂತರ್ಜಾಲದಿಂದ ಇಳಿಸಿ ಅಂಟಿಸಿದ ಚಿತ್ರ – ಇವನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಕೋಟೆ ಕಟ್ಟುವುದು ಅಪ್ಪ, ಬಣ್ಣ ಹಚ್ಚುವುದು ಅಮ್ಮ, ಮಗು ಅದನ್ನು ಹೊತ್ತುಕೊಂಡು ಹೋಗುತ್ತದೆ. ಮಾರನೇ ದಿನ ಅದು ಬೀರುವಿನ ಮೇಲೆ. ಇದರಲ್ಲಿ ಇತಿಹಾಸ ಎಲ್ಲಿದೆ?

ಒಳ್ಳೆಯ ಚಟುವಟಿಕೆ ನೋಡೋಕೆ ಅಷ್ಟು ಚಂದ ಇರುವುದಿಲ್ಲ. 1854ರ ಲಂಡನ್ನಿನ ಕಾಲರಾ ನಕ್ಷೆಯನ್ನೇ ತೆಗೆದುಕೊಳ್ಳಿ. ಬ್ರಾಡ್ ಸ್ಟ್ರೀಟಿನ ಸುತ್ತಮುತ್ತ ಸತ್ತವರ ಮನೆಗಳನ್ನು ವೈದ್ಯ ಜಾನ್ ಸ್ನೋ ಗೆರೆ ಎಳೆದು ಗುರುತಿಸಿದ್ದರು. ನಕ್ಷೆಯನ್ನು ಮಕ್ಕಳ ಮುಂದೆ ಇಟ್ಟರೆ ಅವರೇ ನೀರಿನ ಪಂಪನ್ನು ಪತ್ತೆ ಮಾಡುತ್ತಾರೆ. ಖುಷಿಪಡುತ್ತಾರೆ. ಪಂಪಿನ ಹಿಡಿ ತೆಗೆಸಿದರು, ಕಾಲರಾ ನಿಂತಿತು ಎಂಬ ಕಥೆಯನ್ನೂ ಎಲ್ಲೋ ಓದಿರುತ್ತಾರೆ. ಆಗ ಟೀಚರ್ ದಿನದಿನದ ಸಾವಿನ ಲೆಕ್ಕ ಮುಂದಿಡಬೇಕು. ಹಿಡಿ ತೆಗೆದದ್ದು ಸೆಪ್ಟೆಂಬರ್ 8ರಂದು. ಅಷ್ಟು ಹೊತ್ತಿಗಾಗಲೇ ಸಾವು ಇಳಿಮುಖವಾಗಿತ್ತು, ಜನ ಆ ಬಡಾವಣೆ ಬಿಟ್ಟು ಓಡಿದ್ದರು. ಸ್ನೋ ಅವರೇ ಇದನ್ನು ಒಪ್ಪಿಕೊಂಡು ಬರೆದಿದ್ದಾರೆ. ಹಾಗಾದರೆ ಸ್ನೋ ತಪ್ಪೇ? ಇಲ್ಲ, ಕಾಲರಾ ನೀರಿನಿಂದ ಹರಡುತ್ತದೆ ಎಂದು ಅವರು ಹೇಳಿದ್ದೇ ಸರಿ. ಕಥೆ ಮಾತ್ರ ಪೂರ್ತಿ ಸರಿಯಲ್ಲ. ಈ ಎರಡನ್ನೂ ಬೇರೆ ಮಾಡಿ ಬರೆಯುವುದು ಹದಿನಾಲ್ಕು ವರ್ಷದ ಮಗುವಿಗೆ ಕಷ್ಟ. ಬರೆದು ಹೊಡೆದುಹಾಕಿ ಮತ್ತೆ ಬರೆಯಬೇಕು. ಇದಕ್ಕೆ ಎರಡು ಪೀರಿಯಡ್ ಹೋಗುತ್ತದೆ, ನೋಟ್ಸಿನಲ್ಲಿ ಅರ್ಧ ಪುಟವೂ ತುಂಬುವುದಿಲ್ಲ.

ಆ ಅರ್ಧ ಪುಟವನ್ನೇ ನೀವು ನೋಡಬೇಕಾದದ್ದು. ನನ್ನದು ಇದೊಂದೇ ಹಠ, ಹಳೆಯ ಓದುಗರಿಗೆ ಗೊತ್ತು: ಇತಿಹಾಸ, ಸಾಹಿತ್ಯದಲ್ಲಿ ಪ್ರಗತಿ ನೋಡಬೇಕಾದರೆ ಮಗು ಬರೆದದ್ದರ ಪಕ್ಕ ಅದೇ ಮಗು ಹಿಂದೆ ಬರೆದದ್ದನ್ನು ಇಡಬೇಕು. ಪಕ್ಕದ ಮನೆಯ ಮಗುವಿನ ಅಂಕವನ್ನಲ್ಲ. ಶಾಲೆ ಶುರುವಾದಾಗ ಬರೆದ ಪುಟದಲ್ಲಿ ‘ರಾಜ ಒಳ್ಳೆಯವನು, ಆದ್ದರಿಂದ ಜನ ಸುಖವಾಗಿದ್ದರು’ ಎಂದಿರುತ್ತದೆ. ವರ್ಷದ ಕೊನೆಯ ಪುಟದಲ್ಲಿ ‘ಹೀಗೆಂದು ಬರೆದವನು ರಾಜನ ಆಸ್ಥಾನದಲ್ಲಿದ್ದ’ ಎಂದಿದ್ದರೆ ಆ ಎರಡು ಸಾಲಿನ ನಡುವೆ ಒಂದು ವರ್ಷದ ಪಾಠ ಇದೆ. ಇದಕ್ಕೆ ನೂರಕ್ಕೆ ಎಷ್ಟು ಕೊಡುತ್ತೀರಿ?

ಅಂಕವನ್ನೂ ಕೊಡಲಿ, ಸಾಲನ್ನೂ ಬರೆಯಲಿ ಎಂದು ನೀವು ಹೇಳಬಹುದು. ರುತ್ ಬಟ್ಲರ್ ಎಂಬುವರು 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎರಡೂ. ಆಸಕ್ತಿ ಉಳಿಸಿಕೊಂಡು ಚೆನ್ನಾಗಿ ಮಾಡಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡೂ ಪಡೆದವರ ಪಾಡು ಹೆಚ್ಚುಕಮ್ಮಿ ಅಂಕ ಮಾತ್ರ ಪಡೆದವರ ಹಾಗೇ ಆಯಿತು. ಅಂಕ ಕಂಡ ಮೇಲೆ ಟಿಪ್ಪಣಿ ಯಾರಿಗೆ ಬೇಕು? ಒಂದೇ ಅಧ್ಯಯನ, ಅದರಲ್ಲಿದ್ದದ್ದು ಇತಿಹಾಸದ ಪಾಠವೂ ಅಲ್ಲ. ಆದರೂ ತಿದ್ದಿದ ಪತ್ರಿಕೆ ಕೈಗೆ ಬಂದಾಗ ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ.

ನನ್ನ ಮೇಜಿನ ಮೇಲೆ ಬರುವ ಪತ್ರಗಳ ವಿಷಯವನ್ನೂ ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ನಂಬಿ ‘ಇದನ್ನು ಕೂಡಲೇ ಪ್ರಕಟಿಸಿ, ಜನರನ್ನು ಎಚ್ಚರಿಸಿ’ ಎಂದು ಬರೆಯುವವರಲ್ಲಿ ಇಂಜಿನಿಯರುಗಳಿದ್ದಾರೆ, ಡಾಕ್ಟರುಗಳಿದ್ದಾರೆ. ಎಲ್ಲರೂ ಒಳ್ಳೆಯ ಅಂಕ ತೆಗೆದವರೇ. ಇದನ್ನು ಬರೆದದ್ದು ಯಾರು ಅಂತ ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ. ಅವರಿಗೂ ಹೈಸ್ಕೂಲಿನಲ್ಲಿ ಯಾರೋ ಪಾಠ ‘ಮುಗಿಸಿ’ ಕಳಿಸಿದ್ದರು. ಇತಿಹಾಸ, ಸಾಹಿತ್ಯ ಅಂದರೆ ಬೇರೆಡೆ ಸೀಟು ಸಿಗದವರ ವಿಷಯ ಎಂದು ಮೂಗು ಮುರಿಯುವವರೂ ಇವರೇ.

ಶಾಲೆಯನ್ನು ತರಾಟೆಗೆ ತೆಗೆದುಕೊಳ್ಳಲೇಬೇಕು ಅಂತಿದ್ದರೆ ನಾನೊಂದು ಲೆಕ್ಕ ಕೊಡುತ್ತೇನೆ. ಒಬ್ಬ ಟೀಚರ್‌ಗೆ ಐದು ತರಗತಿ, ತರಗತಿಗೆ ನಲವತ್ತು ಮಕ್ಕಳು ಅಂದುಕೊಳ್ಳಿ. ಮಗುವಿಗೆ ಒಂದು ಪುಟ, ಓದಿ ನಾಲ್ಕು ಸಾಲು ಬರೆಯೋಕೆ ಹತ್ತು ನಿಮಿಷ. ಒಟ್ಟು 2,000 ನಿಮಿಷ, ಅಂದರೆ 33 ಗಂಟೆಗೂ ಜಾಸ್ತಿ. ಪಾಠ ಮಾಡುವುದು ಇದರ ಮೇಲೆ. ಅಂಕ ಹಾಕಿದರೆ ಇದು ಬೇಗ ಮುಗಿಯುತ್ತದೆ. ಬಹಳಷ್ಟು ಶಾಲೆಗಳಲ್ಲಿ ಅಂಕ ಉಳಿದುಕೊಂಡಿರುವುದು ಈ ಕಾರಣಕ್ಕೆ ಎಂಬುದು ನನ್ನ ಗುಮಾನಿ.

ಹಾಗಾಗಿ ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಲ್ಲಿ. ಟೀಚರ್‌ರನ್ನು ಅಲ್ಲ, ಆಡಳಿತ ಮಂಡಳಿಯವರನ್ನು ಕೇಳಿ: ಇವರಿಗೆ ಎಷ್ಟು ತರಗತಿ ಕೊಟ್ಟಿದ್ದೀರಿ, ಮಕ್ಕಳು ಬರೆದದ್ದನ್ನು ಓದೋಕೆ ವಾರಕ್ಕೆ ಎಷ್ಟು ಪೀರಿಯಡ್ ಬಿಟ್ಟಿದ್ದೀರಿ? ಉತ್ತರ ಏನು ಬಂತು ಅಂತ ನನಗೂ ಬರೆಯಿರಿ. ಅದನ್ನೂ ಪ್ರಕಟಿಸುತ್ತೇನೆ.