ಮನೆಯ ಪೂಲ್‌ನಲ್ಲಿ ಸ್ಟೆಬಿಲೈಸರ್ 90 ತೋರಿಸುತ್ತಿದೆ, ಕ್ಲೋರಿನ್ ಹಾಕಿದರೂ ನೀರು ಹಸಿರು. ಏನು ಮಾಡಲಿ?

ಕ್ಲೋರಿನ್ ಮಾತ್ರೆ ಹಾಕುತ್ತಿದ್ದೀರಿ, ಅಲ್ವಾ? ಸಮಸ್ಯೆ ಅಲ್ಲೇ ಇದೆ. ಟಿಸಿಸಿಎ 90 ಅಂತ ಡಬ್ಬದಲ್ಲಿ ಸಿಗುವ ಬಿಳಿ ಮಾತ್ರೆಯಲ್ಲೇ ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್, ಸೇರಿರುತ್ತದೆ. ಅದರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ, ನಿಮ್ಮ 90 ಕೂಡ ಇದೇ ಅಳತೆ) ಕ್ಲೋರಿನ್ ಬಂದರೆ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರೂ ಬರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆವಿಯೂ ಆಗದೆ ನೀರಲ್ಲೇ ಕೂರುತ್ತದೆ.

ಹಾಗಂತ ಪೂರ್ತಿ ಬೇಡ ಅಂತಲ್ಲ. ಇದಿಲ್ಲದಿದ್ದರೆ ಬಿಸಿಲಿಗೆ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾಳು. 30ರಿಂದ 50 ಇದ್ದರೆ ಸಾಕು. ಜಾಸ್ತಿಯಾದರೆ ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಟೆಸ್ಟಲ್ಲಿ ಕ್ಲೋರಿನ್ ಕಾಣುತ್ತದೆ, ಪಾಚಿ ಮಾತ್ರ ಸಾಯಲ್ಲ.

ಇಳಿಸಲು ನೀರು ಬದಲಿಸುವುದೊಂದೇ ನಂಬಬಹುದಾದ ದಾರಿ. ಅರ್ಧ ತೆಗೆದು ತುಂಬಿದರೆ 90 ಇದ್ದದ್ದು 45 ಆಗುತ್ತದೆ. ಆದರೆ ಬೆಂಗಳೂರಲ್ಲಿ ಅರ್ಧ ಪೂಲ್ ಅಂದರೆ ಎಷ್ಟು ಟ್ಯಾಂಕರ್ ಲೆಕ್ಕ ಹಾಕಿ! 2024ರ ಬೇಸಿಗೆಯಲ್ಲಿ ಜಲಮಂಡಳಿ ಪೂಲ್‌ಗೆ ಕುಡಿಯುವ ನೀರು ಬಳಸಬಾರದು ಎಂದೇ ಹೇಳಿತ್ತು. ತುರ್ತಿಲ್ಲದಿದ್ದರೆ ಮಳೆಗಾಲಕ್ಕೆ ಕಾದು, ಸ್ವಲ್ಪ ಸ್ವಲ್ಪ ಖಾಲಿ ಮಾಡಿ ಶುದ್ಧ ಚಾವಣಿ ನೀರು ಬಿಡಿ, ಅದರಲ್ಲಿ ಗಡಸೂ ಇರಲ್ಲ.

ಬದಲಿಸುವ ಮುಂಚೆ ಇನ್ನೊಮ್ಮೆ ಅಳೆಯಿರಿ. ಕೊಳವೆಯ ತಳದ ಕಪ್ಪು ಚುಕ್ಕೆ ಕಾಣದಂತಾಗುವವರೆಗೆ ಟೆಸ್ಟ್ ಕಿಟ್‌ನ ರಾಸಾಯನಿಕ ಬೆರೆಸಿ ಮಸುಕಾದ ಪೂಲ್ ನೀರು ಸುರಿಯುವ ಟೆಸ್ಟನ್ನು ಹಗಲು ಹೊರಗೆ ನಿಂತು ಮಾಡಬೇಕು, ರಾತ್ರಿ ಬಲ್ಬಿನ ಬೆಳಕಲ್ಲಿ ಸುಮ್ನೆ ತಪ್ಪು ಸಂಖ್ಯೆ ಬರುತ್ತದೆ.

ಮಾತ್ರೆ ನಿಲ್ಲಿಸಿ, ದ್ರವ ಹೈಪೋಕ್ಲೋರೈಟ್ ಹಾಕಿ. ಅದರಲ್ಲಿ ಸ್ಟೆಬಿಲೈಸರ್ ಇರಲ್ಲ. ಮಾತ್ರೆ, ದ್ರವ ಎರಡನ್ನೂ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಬರುತ್ತದೆ.