ಯೀಸ್ಟ್ ಬೆಳೆಸಲು ಎಂಥ ಗಾಜು ಬೇಕು, ಎಷ್ಟು ಖರ್ಚು ಮಾಡಬೇಕು?

ಪ್ರಶ್ನೆ: ನನ್ನ ಊರು ಶಿವಮೊಗ್ಗ, ಈಗ ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ. ಮನೆಯಲ್ಲೇ ಒಮ್ಮೆಗೆ 5 ಗ್ಯಾಲನ್‌ನಷ್ಟು ಬಿಯರ್ ತಯಾರಿಸುವ ಹವ್ಯಾಸ ಹತ್ತಿಕೊಂಡಿದೆ. ದ್ರವರೂಪದ ಯೀಸ್ಟನ್ನು ನೇರವಾಗಿ ಹಾಕದೆ, ಮೊದಲು ಸ್ವಲ್ಪ ಮಾಲ್ಟ್ ನೀರಿನಲ್ಲಿ ಬೆಳೆಸಿ ಸ್ಟಾರ್ಟರ್ ಮಾಡಿಕೊಳ್ಳಬೇಕು, ಅದಕ್ಕೆ ಪ್ರಯೋಗಾಲಯದ ಶಂಕುವಿನಾಕಾರದ ಫ್ಲಾಸ್ಕ್ ಬೇಕು ಎಂದು ಜೊತೆಯವರು ಹೇಳುತ್ತಾರೆ. ಹೊಸದರ ಬೆಲೆ ನೋಡಿ ಹಿಂಜರಿಯುತ್ತಿದ್ದೇನೆ. ಮುಚ್ಚಿಹೋದ ಪ್ರಯೋಗಾಲಯಗಳ ಹಳೆಯ ಫ್ಲಾಸ್ಕ್‌ಗಳು ಕಾಲುಪಾಲು ಬೆಲೆಗೆ ಸಿಗುತ್ತಿವೆ, ಕೊಳ್ಳಬಹುದೆ? ಬೇಸಿಗೆಯಲ್ಲಿ ಅಪ್ಪ ಅಮ್ಮ ಬರುವವರಿದ್ದಾರೆ. ಬೆಂಗಳೂರಿನಿಂದ ಅವರ ಕೈಯಲ್ಲಿ ತರಿಸಿಕೊಂಡರೆ ಉಳಿತಾಯವಾದೀತೆ?

ಉತ್ತರ: ಮೊದಲು ಖರ್ಚೇ ಇಲ್ಲದ ದಾರಿಯನ್ನು ಹೇಳಿಬಿಡುತ್ತೇನೆ. ನೀವು ಒಣ ಯೀಸ್ಟ್ ಬಳಸುವವರಾದರೆ ಸ್ಟಾರ್ಟರ್‌ನ ಅಗತ್ಯವೇ ಇಲ್ಲ. ಒಣ ಯೀಸ್ಟ್ ಪೊಟ್ಟಣದಲ್ಲಿ ಜೀವಕೋಶಗಳು ದಂಡಿಯಾಗಿರುತ್ತವೆ, ಅವು ಬಹುಕಾಲ ಬದುಕುಳಿಯುತ್ತವೆ, ಮತ್ತು 5 ಗ್ಯಾಲನ್ ಸಾಧಾರಣ ಏಲ್ ಬಗೆಯ ಬಿಯರ್‌ಗೆ ಒಂದು ಪೊಟ್ಟಣ ಸಾಕಾಗುತ್ತದೆ. ಫ್ಲಾಸ್ಕಿನ ಪ್ರಶ್ನೆ ಏಳುವುದು ದ್ರವ ಯೀಸ್ಟಿನ ವಿಷಯದಲ್ಲಿ ಮಾತ್ರ.

ಅಲ್ಲಿ ಲೆಕ್ಕ ಹೀಗಿದೆ. ಏಲ್ ಬಗೆಯ ಬಿಯರ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋ ಸಕ್ಕರೆಯ ಸಾಂದ್ರತೆಗೆ (ನೂರು ಗ್ರಾಂ ದ್ರಾವಣದಲ್ಲಿ ಒಂದು ಗ್ರಾಂ ಸಕ್ಕರೆ ಇದ್ದರೆ ಒಂದು ಡಿಗ್ರಿ), ಸುಮಾರು ಏಳೂವರೆ ಲಕ್ಷ ಯೀಸ್ಟ್ ಕೋಶಗಳು ಬೇಕೆಂಬುದು ಬ್ರೂಯಿಂಗ್ ಬಲ್ಲವರು ಸಾಮಾನ್ಯವಾಗಿ ಹಿಡಿಯುವ ಅಳತೆ. 5 ಗ್ಯಾಲನ್ ಎಂದರೆ ಸುಮಾರು 19 ಲೀಟರ್. ಸಾಂದ್ರತೆ 12 ಡಿಗ್ರಿ ಎಂದಿಟ್ಟುಕೊಂಡರೆ ಒಟ್ಟು 17,000 ಕೋಟಿ ಕೋಶಗಳಷ್ಟಾಗುತ್ತದೆ. ದ್ರವ ಯೀಸ್ಟಿನ ಹಲವು ಪೊಟ್ಟಣಗಳಲ್ಲಿ ಹೊಸದಾಗಿದ್ದಾಗ ಇರುವುದು ಹೆಚ್ಚುಕಡಿಮೆ 10,000 ಕೋಟಿ, ಮತ್ತು ಫ್ರಿಜ್‌ನಲ್ಲಿಟ್ಟರೂ ತಿಂಗಳು ಕಳೆದಂತೆ ಅದು ಇಳಿಯುತ್ತಲೇ ಹೋಗುತ್ತದೆ. ಈ ಕೊರತೆಯನ್ನು ತುಂಬುವುದೇ ಸ್ಟಾರ್ಟರ್‌ನ ಕೆಲಸ. ತಂಪಿನಲ್ಲಿ ಹುದುಗಿಸುವ ಲಾಗರ್ ಬಗೆಯ ಬಿಯರ್‌ಗೆ ಇದರ ಎರಡರಷ್ಟು ಕೋಶಗಳು ಬೇಕಾಗುವುದರಿಂದ ಅಲ್ಲಿ ಸ್ಟಾರ್ಟರ್ ಇನ್ನೂ ಮುಖ್ಯ. ಕಾಯಿಸಿದ ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಹೆಪ್ಪು ಕಡಿಮೆಯಾದರೆ ಅಥವಾ ಹಳತಾಗಿದ್ದರೆ ಬೇರೆ ಸೂಕ್ಷ್ಮಜೀವಿಗಳು ಮೊದಲು ಜಾಗ ಹಿಡಿಯುತ್ತವೆ.

ಹೀಗಾಗಿ ನಿಮಗೆ ಬೇಕಾದುದು ಒಂದರಿಂದ ಒಂದೂವರೆ ಲೀಟರ್ ಸ್ಟಾರ್ಟರ್ ಹಿಡಿಸಿ, ನೊರೆಗೂ ಜಾಗ ಬಿಡುವ 2 ಲೀಟರ್ ಫ್ಲಾಸ್ಕ್. 1 ಲೀಟರಿನದು ಅಗ್ಗವೆಂದು ಕೊಂಡವರು ಸ್ವಲ್ಪ ಕಾಲದಲ್ಲೇ 2 ಲೀಟರಿನದನ್ನೂ ಕೊಳ್ಳುತ್ತಾರೆ. 5 ಲೀಟರಿನದು ಮೇಲಿಂದ ಮೇಲೆ ಲಾಗರ್ ಮಾಡುವವರಿಗೆ ಸರಿ, ಆದರೆ ತುಂಬಿದಾಗ ಎತ್ತುವುದು ಕಷ್ಟ, ಫ್ರಿಜ್‌ನಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ.

ಇನ್ನು ಗಾಜಿನ ಗುಣ. ಈ ಆಕಾರವನ್ನು ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಎರ್ಲೆನ್‌ಮೇಯರ್ 1860ರ ಸುಮಾರಿಗೆ ರೂಪಿಸಿದರು. ಬೋರೋಸಿಲಿಕೇಟ್ ಗಾಜು ಬಂದದ್ದು ಅದಾದ ಮೇಲೆ, ಯೇನಾ ನಗರದ ಒಟ್ಟೊ ಷಾಟ್ ಅವರ ಕೆಲಸದಿಂದ. ನಿಮ್ಮ ಹಣ ಹೋಗಬೇಕಾದುದು ಆಕಾರಕ್ಕಲ್ಲ, ಈ ಗಾಜಿಗೆ. ಬಾಟಲಿ ಮತ್ತು ಕಿಟಕಿಗಳ ಮಾಮೂಲಿ ಸೋಡಾ ಸುಣ್ಣದ ಗಾಜು ಬಿಸಿಯಾದಾಗ ಎಷ್ಟು ಹಿಗ್ಗುತ್ತದೆಯೋ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಬೋರೋಸಿಲಿಕೇಟ್ ಗಾಜು ಹಿಗ್ಗುತ್ತದೆ. ಗಾಜು ಒಡೆಯುವುದು ಬಿಸಿಯಿಂದಲ್ಲ; ಒಂದು ಭಾಗ ಹಿಗ್ಗಿ ಪಕ್ಕದ ಭಾಗ ಹಿಗ್ಗದೆ ಉಳಿದಾಗ ಹುಟ್ಟುವ ಎಳೆತದಿಂದ. ಕುದಿಯುವ ವರ್ಟ್, ಅಂದರೆ ಮಾಲ್ಟ್ ದ್ರಾವಣ, ತುಂಬಿದ ಪಾತ್ರೆಯನ್ನು ಸ್ವಲ್ಪ ಹೊತ್ತಿನಲ್ಲೇ ತಣ್ಣೀರಿನಲ್ಲಿ ಇಳಿಸಬೇಕಾದ ಈ ಕೆಲಸದಲ್ಲಿ ಆ ವ್ಯತ್ಯಾಸವೇ ನಿಮ್ಮ ಕೈಕಾಲುಗಳ ರಕ್ಷಣೆ.

ಕೊಳ್ಳುವಾಗ ಫ್ಲಾಸ್ಕಿನ ಹೊಟ್ಟೆಯ ಮೇಲೆ ಬಿಳಿಯ ಬಣ್ಣದಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಓದಿ. ಬೋರೋ 3.3 ಎಂದೋ ಐಎಸ್ಒ 3585 ಎಂದೋ ಇದ್ದರೆ ಅದು ಬೇಕಾದ ಗಾಜು. ಬಳಿಕ ಅದನ್ನು ಬೆಳಕಿಗೆ ಎತ್ತಿ ಹಿಡಿದು ನಿಧಾನವಾಗಿ ತಿರುಗಿಸಿ. ತಳ ಗೋಡೆಯನ್ನು ಸೇರುವ ಬಾಗಿನಲ್ಲಿ ಗುಳ್ಳೆ, ಕೂದಲೆಳೆಯಂಥ ಗೀರು, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾದ ತಳ, ಇವುಗಳಲ್ಲಿ ಯಾವುದು ಕಂಡರೂ ಹಿಂದಿರುಗಿಸಿ. ಬಾಯಿಯ ಅಂಚಿನ ಸುತ್ತ ಬೆರಳಾಡಿಸಿ ಚಕ್ಕೆ ಎದ್ದಿದೆಯೇ ನೋಡಿ. ಇಷ್ಟನ್ನು ದಾಟಿದರೆ ಹೆಸರಾಂತ ಕಂಪನಿಯದೇ ಆಗಬೇಕೆಂಬ ಹಟ ಬೇಡ. ಹೆಸರಿಲ್ಲದ ತಯಾರಕರ ಹೊಸ 2 ಲೀಟರ್ ಫ್ಲಾಸ್ಕ್ ನಿಮ್ಮಲ್ಲಿ 20ರಿಂದ 30 ಡಾಲರ್‌ಗಳ ಆಸುಪಾಸಿನಲ್ಲಿ ಸಿಗುತ್ತದೆ, ಮತ್ತು ನಮ್ಮ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ದುಬಾರಿ ಫ್ಲಾಸ್ಕಿನ ಮೇಲಿನ ಅಳತೆಯ ಗೀಟುಗಳು ಹೆಚ್ಚು ನಿಖರವೆಂದು ಭಾವಿಸಬೇಡಿ. ಶಂಕುವಿನಾಕಾರದ ಫ್ಲಾಸ್ಕ್ ಅಳೆಯುವ ಪಾತ್ರೆಯೇ ಅಲ್ಲ. ಅದರ ಗೀಟುಗಳಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರುವುದು ಸಹಜ, ಯೀಸ್ಟಿಗೆ ಅದರಿಂದ ಏನೂ ಆಗುವುದಿಲ್ಲ.

ಒಂದು ಎಚ್ಚರಿಕೆ ಪೈರೆಕ್ಸ್ ಹೆಸರಿನ ಬಗ್ಗೆ. ಕಾರ್ನಿಂಗ್ ಕಂಪನಿ 1915ರಲ್ಲಿ ಆ ಹೆಸರನ್ನು ಮಾರುಕಟ್ಟೆಗೆ ತಂದಾಗ ಅದು ಬೋರೋಸಿಲಿಕೇಟ್ ಆಗಿತ್ತು. ಪ್ರಯೋಗಾಲಯಕ್ಕೆ ಮಾರುವುದು ಇಂದಿಗೂ ಅದೇ. ಅಮೆರಿಕದ ಅಡುಗೆಮನೆಗಳಿಗೆ ಈಗ ಮಾರುವ ಪೈರೆಕ್ಸ್ ಮಾತ್ರ ಹದಗೊಳಿಸಿದ ಸೋಡಾ ಸುಣ್ಣದ ಗಾಜು. ಮನೆಯಲ್ಲಿರುವ ಅಳತೆ ಜಗ್ಗನ್ನು ಒಲೆಯ ಮೇಲಿಡುವ ಯೋಚನೆ ಬೇಡ.

ಹಳೆಯ ಪ್ರಯೋಗಾಲಯದ ಫ್ಲಾಸ್ಕ್‌ಗಳನ್ನು ಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅವುಗಳಲ್ಲಿ ಹಿಂದೆ ಏನಿತ್ತು ಎಂಬುದನ್ನು ಮಾರುವವರೂ ಬಲ್ಲವರಲ್ಲ. ಪಾದರಸ, ಸೀಸ, ಆರ್ಸೆನಿಕ್ ಸಂಯುಕ್ತಗಳೊಂದಿಗೆ ಕೆಲಸ ಮಾಡಿದ ಗಾಜು ಕಣ್ಣಿಗೆ ಫಳಫಳ ಹೊಳೆಯುತ್ತಲೇ ಇರಬಹುದು. ಗಾಜನ್ನು ತೊಳೆಯಲೆಂದೇ ಪ್ರಯೋಗಾಲಯಗಳಲ್ಲಿ ಬಹುಕಾಲ ಬಳಸಿದ ಕ್ರೋಮಿಕ್ ಆಮ್ಲವೇ ವಿಷಕಾರಿ, ಮತ್ತು ಅದರ ಕ್ರೋಮಿಯಂ ಗಾಜಿನ ಮೈಗೆ ಅಂಟಿಕೊಂಡು ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಸ್ಟಾರ್ಟರ್ ಕೊನೆಗೆ ಸೇರುವುದು ನೀವೂ ನಿಮ್ಮ ಸ್ನೇಹಿತರೂ ಕುಡಿಯುವ ಪಾನೀಯಕ್ಕೆ. ಹದಿನೈದು ಡಾಲರ್ ಉಳಿಸಲು ಆ ಅನುಮಾನವನ್ನು ಮನೆಯೊಳಗೆ ತರುವುದು ತರವಲ್ಲ. ವಿಶ್ವವಿದ್ಯಾಲಯಗಳ ಹೆಚ್ಚುವರಿ ಸಾಮಗ್ರಿಯ ಮಳಿಗೆಗಳಲ್ಲಿ ಕೆಲವೊಮ್ಮೆ ಪೆಟ್ಟಿಗೆ ಒಡೆಯದ, ಎಂದೂ ಬಳಸದ ಗಾಜು ಸಿಗುವುದುಂಟು. ಅದಾದರೆ ಸಂತೋಷವಾಗಿ ಕೊಳ್ಳಿ.

ಬೆಂಗಳೂರಿನಿಂದ ತರಿಸುವ ಬಗ್ಗೆ: ಬೋರೋಸಿಲ್‌ನಂಥ ನಮ್ಮ ಕಂಪನಿಗಳ ಫ್ಲಾಸ್ಕ್‌ಗಳೂ ಅದೇ 3.3 ಗಾಜು, ಗುಣದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಒಂದು ಫ್ಲಾಸ್ಕಿಗೋಸ್ಕರ ಹಿರಿಯರು ಸೂಟ್‌ಕೇಸಿನ ಮಧ್ಯದಲ್ಲಿ ಅಷ್ಟು ಜಾಗ ಬಿಟ್ಟು, ಸೀರೆ ಪಂಚೆಗಳಲ್ಲಿ ಸುತ್ತಿ, ಎರಡು ವಿಮಾನಗಳಲ್ಲಿ ಅದು ಒಡೆಯದೆ ಬರಲೆಂದು ಆತಂಕಪಡುವುದು ಬೇಡ. ಹರಿಯಾಣದ ಅಂಬಾಲಾ ನಗರ ಪ್ರಯೋಗಾಲಯದ ಉಪಕರಣಗಳ ತಯಾರಿಕೆಗೆ ಹೆಸರಾದುದು. ಅಲ್ಲಿನ ಗಾಜು ನೀವಿರುವ ದೇಶಕ್ಕೂ ರಫ್ತಾಗುತ್ತದೆ, ಹುಡುಕಿದರೆ ಅಲ್ಲೇ ಸಿಕ್ಕೀತು.

ಬಳಸುವ ಕ್ರಮವನ್ನೂ ಹೇಳಿದರೆ ಫ್ಲಾಸ್ಕ್ ಬಹುಕಾಲ ಬಾಳುತ್ತದೆ. ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಸತ್ವ ಬೆರೆಸಿದರೆ ನೀರಿಗೆ ಹೋಲಿಸಿದ ದ್ರಾವಣದ ಸಾಂದ್ರತೆ 1.036ರಿಂದ 1.040ರ ನಡುವೆ ನಿಲ್ಲುತ್ತದೆ, ಯೀಸ್ಟಿಗೆ ಅದು ಹಿತ. ಹತ್ತು ಹದಿನೈದು ನಿಮಿಷ ಕುದಿಸಬೇಕು. ಇದನ್ನು ಫ್ಲಾಸ್ಕಿನಲ್ಲೇ ಕುದಿಸಬಹುದಾದರೂ, ಮೇಲಕ್ಕೆ ಹೋದಂತೆ ಕಿರಿದಾಗುವ ಆ ಆಕಾರದಲ್ಲಿ ನೊರೆಗೆ ಹರಡಿಕೊಳ್ಳಲು ಜಾಗವಿಲ್ಲದೆ ಕ್ಷಣಾರ್ಧದಲ್ಲಿ ಉಕ್ಕಿ ಒಲೆಯ ಮೇಲೆ ಸುರಿಯುತ್ತದೆ. ಹಸುಗೂಸುಗಳ ಹೊಟ್ಟೆಯುಬ್ಬರಕ್ಕೆ ಕೊಡುವ ಸಿಮೆಥಿಕೋನ್‌ನ ಒಂದೆರಡು ಹನಿ ಹಾಕಿದರೆ ನೊರೆ ತಗ್ಗುತ್ತದೆ. ವಿದ್ಯುತ್ ಸುರುಳಿಯ ಒಲೆಯ ಮೇಲೆ ಫ್ಲಾಸ್ಕನ್ನು ನೇರವಾಗಿ ಇಡಲೇಬೇಡಿ. ಸುರುಳಿ ತಾಗಿದ ಕಡೆ ಮಾತ್ರ ವಿಪರೀತ ಕಾದು ತಳ ಬಿರಿಯಬಹುದು. ಗ್ಯಾಸ್ ಒಲೆಯಾದರೆ ನಡುವೆ ತಂತಿಬಲೆ ಇರಲಿ. ನನ್ನ ಸಲಹೆ ಇನ್ನೂ ಸರಳವಾದುದು: ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಶುಚಿಗೊಳಿಸಿದ ಫ್ಲಾಸ್ಕಿಗೆ ಬಗ್ಗಿಸಿ, ಬಾಯಿಗೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಬಿಸಿ ಫ್ಲಾಸ್ಕನ್ನು ಒಣ ಬಟ್ಟೆಯಿಂದ, ಒಂದು ಕೈ ಕುತ್ತಿಗೆಗೂ ಒಂದು ಕೈ ತಳಕ್ಕೂ ಕೊಟ್ಟು ಎತ್ತಬೇಕು. ಒದ್ದೆ ಬಟ್ಟೆ ಬಿಸಿಯನ್ನು ತಕ್ಷಣ ಕೈಗೆ ದಾಟಿಸುತ್ತದೆ, ಸಕ್ಕರೆ ತುಂಬಿದ ಬಿಸಿ ದ್ರಾವಣ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ.

ತೊಳೆಯುವಾಗ ಕಬ್ಬಿಣದ ನಾರು, ತಂತಿಯ ಬ್ರಷ್ ಮುಟ್ಟಿಸಬಾರದು. ಒಳಗಿನ ಒಂದೊಂದು ಗೀರೂ ಮುಂದಿನ ಬಿರುಕಿನ ಆರಂಭ, ಜೊತೆಗೆ ಬ್ಯಾಕ್ಟೀರಿಯಾಗಳ ಅಡಗುದಾಣ. ಪರ್‌ಕಾರ್ಬೊನೇಟ್ ಇರುವ ಮಾರ್ಜಕವನ್ನು ಬಿಸಿನೀರಿನಲ್ಲಿ ಕದಡಿ ಒಂದು ರಾತ್ರಿ ನೆನೆಹಾಕಿದರೆ ಒಣಗಿದ ಯೀಸ್ಟ್ ತಾನಾಗಿ ಬಿಡುತ್ತದೆ.

ಪ್ರಶ್ನೆ: ಟೆಕ್ಸಸ್‌ನ ಡಲ್ಲಾಸ್‌ನಿಂದ ಬರೆಯುತ್ತಿದ್ದೇನೆ. ಫ್ಲಾಸ್ಕ್ ಬೇಡವೇ ಬೇಡ, ಉಪ್ಪಿನಕಾಯಿ ಜಾಡಿ, ಸೇಬಿನ ರಸದ ದೊಡ್ಡ ಗಾಜಿನ ಜಗ್ಗು ಇವುಗಳಲ್ಲೇ ಸ್ಟಾರ್ಟರ್ ಮಾಡುತ್ತೇನೆ ಎಂದರೆ ತಪ್ಪೆ? ಮನೆಯಲ್ಲಿ ಊರಿನಿಂದ ತಂದ ಪ್ರೆಶರ್ ಕುಕ್ಕರ್ ಇದೆ, ಅದು ಇದಕ್ಕೆ ಉಪಯೋಗಕ್ಕೆ ಬರುತ್ತದೆಯೆ?

ಉತ್ತರ: ತಪ್ಪಿಲ್ಲ, ಬಿಸಿಯ ಕೆಲಸವನ್ನು ಅವುಗಳಿಗೆ ಕೊಡದಿದ್ದರೆ ಸಾಕು. ಜಗ್ಗು ಸೋಡಾ ಸುಣ್ಣದ ಗಾಜಾದ್ದರಿಂದ ವರ್ಟನ್ನು ಪಾತ್ರೆಯಲ್ಲೇ ಕುದಿಸಿ, ಮುಚ್ಚಳ ಹಾಕಿ ತಣ್ಣೀರಿನಲ್ಲಿಟ್ಟು ಕೋಣೆಯ ಉಷ್ಣತೆಗೆ ಇಳಿಸಿ, ಆಮೇಲೆ ಶುಚಿಗೊಳಿಸಿದ ಜಗ್ಗಿಗೆ ಸುರಿಯಬೇಕು. ಒಂದು ಗ್ಯಾಲನ್ ಜಗ್ಗಿನಲ್ಲಿ ಒಂದೇ ಲೀಟರ್ ವರ್ಟ್ ಹಾಕಿ, ಮುಚ್ಚಳ ಬಿಗಿದು, ಒಳಗೆಲ್ಲ ನೊರೆ ತುಂಬುವಷ್ಟು ಜೋರಾಗಿ ಕುಲುಕಿ, ಯೀಸ್ಟ್ ಸೇರಿಸಿದ ಮೇಲೆ ಮುಚ್ಚಳವನ್ನು ಸಡಿಲಿಸಿಟ್ಟು ಬೆಳೆಸುವ ಕ್ರಮ ಅನೇಕರಲ್ಲಿ ರೂಢಿಯಲ್ಲಿದೆ. ಇದಕ್ಕೆ ಕಲಕುವ ಯಂತ್ರವೂ ಬೇಡ. ಸಡಿಲಿಸುವುದನ್ನು ಮಾತ್ರ ಮರೆಯಬಾರದು. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗದಿದ್ದರೆ ಜಗ್ಗು ಸಿಡಿಯುತ್ತದೆ.

ಕಾಂತದ ಕಡ್ಡಿ ತಿರುಗಿಸಿ ಕಲಕುವ ಯಂತ್ರ ಬಳಸುವವರಿಗೆ ಮಾತ್ರ ಜಗ್ಗು ಒಗ್ಗುವುದಿಲ್ಲ. ಅದರ ತಳ ಮಧ್ಯದಲ್ಲಿ ಮೇಲಕ್ಕೆ ಉಬ್ಬಿರುತ್ತದೆ, ಕಡ್ಡಿ ಜಾರಿ ಅಂಚಿಗೆ ಹೋಗಿ ಕಟಕಟ ಸದ್ದು ಮಾಡುತ್ತಾ ನಿಂತುಬಿಡುತ್ತದೆ. ಚಪ್ಪಟೆ ತಳವೇ ಫ್ಲಾಸ್ಕಿನ ದೊಡ್ಡ ಅನುಕೂಲ. ಯಂತ್ರವನ್ನು ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿನ ಮಧ್ಯಕ್ಕೆ ಎರಡು ಬಲವಾದ ಅಯಸ್ಕಾಂತ ಅಂಟಿಸಿ, ವೇಗ ತಗ್ಗಿಸುವ ಗುಂಡಿಯೊಂದನ್ನು ಜೋಡಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಉಳಿತಾಯ ಮಾಡಲು ಇದು ಒಳ್ಳೆಯ ಜಾಗ. ದ್ರಾವಣದ ಮೇಲೆ ಸಣ್ಣದೊಂದು ಗುಳಿ ಕಾಣುವಷ್ಟು ವೇಗ ಸಾಕು.

ಕುಕ್ಕರ್ ಬಗ್ಗೆ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪ್ರಯೋಗಾಲಯದ ಯಂತ್ರವಾದ ಆಟೋಕ್ಲೇವ್ ಮಾಡುವುದೂ ಹಬೆಯ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿಸುವ ಕೆಲಸವನ್ನೇ. ನಮ್ಮ ಕುಕ್ಕರ್‌ಗಳ ತೂಕವೂ ಸಾಮಾನ್ಯವಾಗಿ ಚದರ ಇಂಚಿಗೆ 15 ಪೌಂಡ್ ಆಸುಪಾಸಿನ ಒತ್ತಡಕ್ಕೆ ಹೊಂದಿಸಿದ್ದು. ಒಳಗೆ ಹಿಡಿಸುವ ಸಣ್ಣ ಬೋರೋಸಿಲಿಕೇಟ್ ಫ್ಲಾಸ್ಕ್, ಪ್ರನಾಳ, ಹಾಳೆಯಲ್ಲಿ ಸುತ್ತಿದ ಸಣ್ಣ ಸಾಮಾನುಗಳನ್ನು ತಟ್ಟೆಯ ಮೇಲಿಟ್ಟು ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿಡಬಹುದು. ಆರಿದ ಮೇಲೆ ಒತ್ತಡ ತಾನಾಗಿ ಇಳಿಯಬೇಕು. ತೂಕವನ್ನು ಎತ್ತಿ ಹಬೆ ಬಿಟ್ಟರೆ ಫ್ಲಾಸ್ಕಿನೊಳಗಿನ ದ್ರಾವಣ ಭಗ್ಗನೆ ಕುದಿದು ಹೊರಚೆಲ್ಲುತ್ತದೆ. ಒಮ್ಮೆಗೇ ಹೆಚ್ಚು ವರ್ಟ್ ಮಾಡಿ ಜಾಡಿಗಳಲ್ಲಿ ತುಂಬಿ ತಿಂಗಳುಗಟ್ಟಲೆ ಕಪಾಟಿನಲ್ಲಿಡುವ ಆಸೆ ಇದ್ದರೆ, ಅದನ್ನು ಅನ್ನ ಬೇಯಿಸುವ ಕುಕ್ಕರ್‌ನಲ್ಲಿ ಮಾಡಬೇಡಿ. ಅದಕ್ಕೆಂದೇ ಇರುವ ಪ್ರೆಶರ್ ಕ್ಯಾನರ್ ಬೇಕು. ವರ್ಟಿನ ಪಿಎಚ್ 5ಕ್ಕಿಂತ ಮೇಲಿರುತ್ತದೆ, ಅಂಥ ಕಡಿಮೆ ಹುಳಿಯ ದ್ರವವನ್ನು ಬರಿದೇ ಕುದಿಸಿ ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟ್ಯುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಬೇಕಾದಷ್ಟನ್ನು ಬೇಕಾದ ದಿನ ಕುದಿಸಿಕೊಳ್ಳುವುದು ಲೇಸು.

ಪ್ರಶ್ನೆ: ಬೆಂಗಳೂರಿನಲ್ಲಿರುವ ನಾನೂ ಇದನ್ನು ಮಾಡಬಹುದೆ?

ಉತ್ತರ: ಇಲ್ಲ. ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆಯಾದ ಕಾನೂನು ಮನೆ ಬಳಕೆಗೆ ಬಿಯರ್ ತಯಾರಿಸುವವರಿಗೆ ಸುಂಕದ ವಿನಾಯಿತಿ ಕೊಟ್ಟಿತು: ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್. ಅಲ್ಲಿಯೂ ರಾಜ್ಯಗಳು ಒಂದೊಂದಾಗಿ ಒಪ್ಪಬೇಕಾಯಿತು. ಕೊನೆಯವಾದ ಮಿಸಿಸಿಪ್ಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಗರದ ಮೈಕ್ರೋಬ್ರೂವರಿಗಳು ನಡೆಯುವುದು ಪರವಾನಗಿ ಪಡೆದು. ಫ್ಲಾಸ್ಕ್ ಕೊಳ್ಳಲು ಅಡ್ಡಿಯಿಲ್ಲ. ಯೀಸ್ಟಿನ ಬೆಳವಣಿಗೆಯನ್ನು ನೋಡುವ ಕುತೂಹಲವಿದ್ದರೆ ಬ್ರೆಡ್ಡಿನ ಹಿಟ್ಟಿಗೆ ಹುದುಗು ಬೆಳೆಸಿ ನೋಡಿ. ಮೇಲೆ ಹೇಳಿದ ಶುಚಿತ್ವದ ನಿಯಮಗಳಲ್ಲಿ ಹೆಚ್ಚಿನವು ಅದಕ್ಕೂ ಅನ್ವಯಿಸುತ್ತವೆ, ಮತ್ತು ಅಗಲ ಬಾಯಿಯ ಮಾಮೂಲಿ ಗಾಜಿನ ಜಾಡಿಯೇ ಅದಕ್ಕೆ ಫ್ಲಾಸ್ಕಿಗಿಂತ ಅನುಕೂಲ.