ರಾಕ್ ಸ್ಲೈಡರ್: ಯಾವ ಬಣ್ಣ ಬಾಳುತ್ತದೆ, ಹೇಗೆ ಕೂರಿಸಬೇಕು?

ಪ್ರಶ್ನೆ: ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ. ತೋಟದ ರಸ್ತೆಯಲ್ಲಿ ಕಲ್ಲು ತಾಗಿ ಎಡಗಡೆ ಬಾಗಿಲ ಕೆಳಗಿನ ತಗಡು ನೆಗ್ಗಿದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆ ಭಾಗಕ್ಕೆ ಕಲ್ಲು ತಾಗದಂತೆ ಕಾಯುವ ಪೈಪಿನ ರಾಕ್ ಸ್ಲೈಡರ್ ಒಂದು ಜೊತೆ ಮಾಡಿಸಿದ್ದೇನೆ. ಇನ್ನೂ ಬಣ್ಣ ಹಚ್ಚಿಲ್ಲ. ಪೌಡರ್ ಕೋಟಿಂಗ್ ಮಾಡಿಸಲಾ, ಪೇಂಟ್ ಸಾಕಾ? ‘ಚಾಸಿಗೇ ವೆಲ್ಡ್ ಮಾಡಿಬಿಡ್ತೀನಿ, ಅಲುಗಾಡಲ್ಲ’ ಅಂತ ವೆಲ್ಡರ್ ಹೇಳ್ತಿದ್ದಾರೆ. ಒಪ್ಪಬಹುದಾ?
– ಓದುಗರು, ಮೂಡಿಗೆರೆ

ಉತ್ತರ: ವೆಲ್ಡಿಂಗ್‌ಗೆ ಖಂಡಿತ ಒಪ್ಪಬೇಡಿ. ಬೋಲ್ಟ್ ಹಾಕಿಯೇ ಕೂರಿಸಿ. ಬಣ್ಣದ ವಿಷಯದಲ್ಲಿ ನನ್ನ ಸಲಹೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಪೌಡರ್ ಕೋಟಿಂಗ್ ಬೇಡ.

ಸ್ಲೈಡರ್ ಮಾಡಿಸಿದ್ದು ಒಳ್ಳೆಯದೇ ಆಯಿತು. ಹೊರದೇಶಗಳಲ್ಲಿ ಮಾರುವ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2250 ಮಿ.ಮೀ. ನಮ್ಮ ಐದು ಬಾಗಿಲಿನದು 2590 ಮಿ.ಮೀ. ಹಾಗಾಗಿ ದಿಬ್ಬ ದಾಟುವಾಗ ಹೊಟ್ಟೆ ತಾಗದೆ ಹೋಗುವ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಎರಡು ಚಕ್ರಗಳ ನಡುವಿನ ಭಾಗಕ್ಕೇ ಏಟು ಜಾಸ್ತಿ. ನಿಮ್ಮ ಗಾಡಿಗೆ ಆಗಿರುವುದೂ ಅದೇ.

ಪೌಡರ್ ಕೋಟಿಂಗ್ ನೋಡಲು ಚೆಂದ, ನಿಜ. ಪುಡಿಯನ್ನು ವಿದ್ಯುತ್ ಆವೇಶದಿಂದ ಕಬ್ಬಿಣಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಬಿಸಿಯ ಓವನ್‌ನಲ್ಲಿ ಬೇಯಿಸುತ್ತಾರೆ. ಗೇಟಿಗೆ, ಕಿಟಕಿ ಗ್ರಿಲ್‌ಗೆ ಅದು ತುಂಬಾ ಒಳ್ಳೆಯದು. ಆದರೆ ಸ್ಲೈಡರ್ ಇರುವುದೇ ಕಲ್ಲಿಗೆ ಉಜ್ಜಿಸಿಕೊಳ್ಳಲು. ಒಂದು ಕಡೆ ಪದರ ಒಡೆದರೆ ಅಲ್ಲಿಂದ ನೀರು ಒಳಗೆ ಹರಿದು, ಬಣ್ಣದ ಅಡಿಯಲ್ಲೇ ತುಕ್ಕು ಹಬ್ಬುತ್ತದೆ. ಮೇಲಿನಿಂದ ಕಪ್ಪಗೆ, ನುಣ್ಣಗೆ ಇರುತ್ತದೆ. ಒಡೆದ ಅಂಚಿಗೆ ಉಗುರು ಹಾಕಿ ಎತ್ತಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ, ಕೆಳಗೆ ಕೆಂಪು ಪುಡಿ. ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಪೂರ್ತಿ ಬಿಚ್ಚಿ, ಕೆರೆದು, ಮತ್ತೆ ಓವನ್ ಇರುವ ಊರಿಗೆ ಒಯ್ಯಬೇಕು. ಪೇಂಟ್ ಆದರೆ ಕೆರೆದ ಜಾಗಕ್ಕೆ ಎಮರಿ ಪೇಪರ್ ಉಜ್ಜಿ ಬ್ರಷ್‌ನಲ್ಲಿ ಹಚ್ಚಿದರೆ ಮುಗಿಯಿತು. ಮಳೆಗಾಲದ ಮಲೆನಾಡಿನಲ್ಲಿ ಈ ಅನುಕೂಲ ದೊಡ್ಡದು.

ಬಣ್ಣಕ್ಕಿಂತ ಮುಖ್ಯವಾದ ಕೆಲಸ ಅದಕ್ಕೂ ಮೊದಲಿನದು. ಹೊಸ ಪೈಪಿನ ಮೇಲೆ ನೀಲಿಗಪ್ಪು ಬಣ್ಣದ ಗಟ್ಟಿ ಪದರ ಕಾಣುತ್ತದೆ ಅಲ್ವಾ? ಕಬ್ಬಿಣವನ್ನು ಬಿಸಿಯಲ್ಲಿ ಉರುಳಿಸುವಾಗ ಅದು ಮೂಡುತ್ತದೆ. ಅದರ ಮೇಲೆಯೇ ಬಣ್ಣ ಹಚ್ಚಿದರೆ ಮುಂದೆ ಪದರ ಕಿತ್ತಾಗ ಬಣ್ಣವೂ ಕಿತ್ತು ಬರುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಸಿಕ್ಕರೆ ಅತ್ಯುತ್ತಮ. ಸಿಗದಿದ್ದರೆ ಗ್ರೈಂಡರ್‌ಗೆ ಫ್ಲಾಪ್ ಡಿಸ್ಕ್ ಹಾಕಿ ಬೆಳ್ಳಗೆ ಹೊಳೆಯುವವರೆಗೆ ತೆಗೆಯಿರಿ. ಆದರೆ ಉಜ್ಜುವ ಮೊದಲೇ ಥಿನ್ನರ್ ಬಟ್ಟೆಯಲ್ಲಿ ಎಣ್ಣೆ ಒರೆಸಿ. ಇಲ್ಲದಿದ್ದರೆ ಡಿಸ್ಕ್ ಆ ಎಣ್ಣೆಯನ್ನು ಎಲ್ಲ ಕಡೆ ಸವರುತ್ತದೆ. ಉಜ್ಜಿದ ಮೇಲೆ ಇನ್ನೊಮ್ಮೆ ಒರೆಸಿ. ವೆಲ್ಡಿಂಗ್‌ನ ಸಿಡಿದ ಗುಂಡುಗಳನ್ನು, ಸ್ಲ್ಯಾಗನ್ನು ಉಳಿಸಬೇಡಿ.

ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ನಿಮ್ಮ ಕಡೆಯ ಜುಲೈ ತಿಂಗಳ ಗಾಳಿಗೆ ಬರಿ ಕಬ್ಬಿಣ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ಮಳೆ ಬಿಟ್ಟ ಒಣ ದಿನಕ್ಕೆ ಕಾಯುವುದೇ ಜಾಣತನ. ಪ್ರೈಮರ್ ಒಂದರಲ್ಲಿ, ಹಾರ್ಡ್‌ನರ್ ಇನ್ನೊಂದರಲ್ಲಿ ಬರುವ, ಬೆರೆಸಿ ಹಚ್ಚುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ತನ್ನಿ. ಮೊದಲು ಬರೀ ವೆಲ್ಡಿಂಗ್ ಗೆರೆಗಳಿಗೆ, ಪ್ಲೇಟಿನ ಅಂಚುಗಳಿಗೆ ಸಣ್ಣ ಬ್ರಷ್‌ನಲ್ಲಿ ಒಂದು ಕೈ ಹಚ್ಚಿ. ಬಣ್ಣ ಅಂಚಿನಲ್ಲಿ ತೆಳುವಾಗಿ ನಿಲ್ಲುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಆಮೇಲೆ ಪೂರ್ತಿ ಎರಡು ಕೋಟ್. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಮೇಲೆ ಕಪ್ಪು ಪಿಯು ಬೇಕೇ ಬೇಕು. ಒಂದು ಎಚ್ಚರಿಕೆ: ಎರಡು ಡಬ್ಬಿಯ ಪಿಯುನ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡುವಾಗ ಮೂಗಿಗೆ ಕರ್ಚೀಫ್ ಕಟ್ಟಿದರೆ ಏನೇನೂ ಸಾಲದು, ಶ್ವಾಸಕೋಶ ಹಾಳಾಗುತ್ತದೆ. ಮನೆಯಲ್ಲಾದರೆ ಬ್ರಷ್ ಅಥವಾ ರೋಲರ್ ಹಿಡಿಯಿರಿ, ಅದೂ ಗಾಳಿಯಾಡುವ ಕಡೆ, ಕೈಗೆ ಗ್ಲೌಸ್ ಹಾಕಿಕೊಂಡು. ಹಚ್ಚಿ ಒಂದು ವಾರ ಬಿಟ್ಟು ಫಿಟ್ ಮಾಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಅಷ್ಟು ಸಮಯ ಬೇಕು.

ಪೈಪಿನ ಒಳಗನ್ನೂ ಮರೆಯಬೇಡಿ. ತುದಿಗಳನ್ನು ಪೂರ್ತಿ ಗಾಳಿಯಾಡದಂತೆ ಮುಚ್ಚಿದ್ದರೆ ಸರಿ. ಇಲ್ಲವಾದರೆ ಅತಿ ಕೆಳಗಿನ ಜಾಗದಲ್ಲಿ 8 ಮಿ.ಮೀ. ತೂತು ಕೊರೆದು, ಒಳಗೆ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಸ್ಪ್ರೇ ಮಾಡಿ. ಅರೆಬರೆ ಮುಚ್ಚಿದ ಪೈಪಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಈಗ ಕೂರಿಸುವ ವಿಷಯ. ಜಿಮ್ನಿಯ ಬಾಡಿ ಚಾಸಿಯ ಮೇಲೆ ರಬ್ಬರ್ ಬುಷ್‌ಗಳಲ್ಲಿ ಕೂತಿದೆ. ಸ್ಲೈಡರ್ ಹಿಡಿದುಕೊಳ್ಳಬೇಕಾದ್ದು ಚಾಸಿಯನ್ನು, ಬಾಡಿಯನ್ನಲ್ಲ. ಚಾಸಿಗೆ ವೆಲ್ಡ್ ಮಾಡಿದರೆ ಬಿಸಿ ತಾಗಿದ ಕಡೆ ಕಬ್ಬಿಣದ ಗುಣ ಬದಲಾಗುತ್ತದೆ, ಒಳಗಿನ ಬಣ್ಣ ಸುಟ್ಟು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ, ವಾರಂಟಿಗೂ ತಕರಾರು ಬರುತ್ತದೆ. ನಾಳೆ ಸ್ಲೈಡರ್ ಬಾಗಿದರೆ ಬಿಚ್ಚುವುದಾದರೂ ಹೇಗೆ? ಚಾಸಿಯನ್ನು ಕೊರೆದು ಆರಪಾರ ಬೋಲ್ಟ್ ಹಾಕುವುದೂ ಬೇಡ. ಪೆಟ್ಟಿಗೆಯಂಥ ಚಾಸಿಗೆ ಹಾಗೆ ಬಿಗಿದರೆ ಅದರ ಗೋಡೆಗಳು ಒಳಕ್ಕೆ ಬಾಗುತ್ತವೆ. ಚಾಸಿಯನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವಂತೆ 6 ಮಿ.ಮೀ. ಪ್ಲೇಟುಗಳ ಕ್ಲಾಂಪ್ ಮಾಡಿಸಿ. ಪೈಪನ್ನು ಚಾಸಿಗೆ ಸೇರಿಸುವ ಕಾಲುಗಳು ಒಂದೊಂದು ಬದಿಗೆ ಕನಿಷ್ಠ ಮೂರು ಇರಲಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲೆಲ್ಲಿ ಹೋಗಿವೆ ಎಂದು ಟಾರ್ಚ್ ಹಿಡಿದು ನೋಡದೆ ಒಂದು ಬೋಲ್ಟೂ ಹಾಕಬೇಡಿ.

ಕ್ಲಾಂಪ್ ಪ್ಲೇಟಿನ ಒಳಮುಖಕ್ಕೆ ಪ್ರೈಮರ್ ಮಾತ್ರ ಸಾಕು. ಅಲ್ಲಿ ದಪ್ಪಗೆ ಬಣ್ಣ ಬಳಿದರೆ ಬಿಗಿದಾಗ ಅದು ನಿಧಾನಕ್ಕೆ ಹಿಂಡಿ ಹೋಗಿ ಬೋಲ್ಟ್ ಸಡಿಲವಾಗುತ್ತದೆ. ಸ್ಲೈಡರನ್ನು ಜಾಕ್ ಮೇಲಿಟ್ಟು ಎತ್ತಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ. ಬಾಡಿಗೂ ಪೈಪಿಗೂ ನಡುವೆ ಸುಮಾರು 20 ಮಿ.ಮೀ. ಜಾಗ ಇರಲಿ. ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡಿ. ಆಮೇಲಷ್ಟೇ ಬಿಗಿಯಿರಿ. 8.8 ಗ್ರೇಡಿನ ಎಂ12 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿತ ಸಾಕು, ನಟ್ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಇರಲಿ. ಬಿಗಿದ ಮೇಲೆ ನಟ್‌ನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಎಂದರ್ಥ. ಗೆರೆ ನೆಟ್ಟಗಿದ್ದರೂ ಮೊದಲ 500 ಕಿ.ಮೀ. ಆದ ಮೇಲೆ ಎಲ್ಲವನ್ನೂ ಒಮ್ಮೆ ಟಾರ್ಕ್ ರೆಂಚ್‌ನಲ್ಲಿ ನೋಡಿ. ಮಳೆಗಾಲದಲ್ಲಿ ಗಾಡಿ ತೊಳೆಯುವಾಗ ಪೈಪಿಗೂ ಬಾಡಿಗೂ ನಡುವೆ ಕೂತ ಕೆಸರನ್ನು ಬಿಡದೆ ತೆಗೆಯಿರಿ.

ಪ್ರಶ್ನೆ: ನನ್ನ ಥಾರ್‌ಗೆ ಹತ್ತಿ ಇಳಿಯುವ ಫುಟ್‌ಸ್ಟೆಪ್ ಇದೆ. ಅದೇ ಸ್ಲೈಡರ್ ಕೆಲಸ ಮಾಡುತ್ತದಾ? ಸ್ಲೈಡರ್ ಹಾಕಿದರೆ ಪೊಲೀಸರು ಹಿಡಿಯುತ್ತಾರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಮಾಡುವುದಿಲ್ಲ. ಫುಟ್‌ಸ್ಟೆಪ್ ಒಬ್ಬ ಮನುಷ್ಯನ ಭಾರಕ್ಕೆ ಮಾಡಿದ್ದು. ಕಲ್ಲಿನ ಮೇಲೆ ಗಾಡಿಯ ಒಂದು ಬದಿಯ ಭಾರವೇ ಬೀಳುತ್ತದೆ. ಆಗ ಅದು ಮೇಲಕ್ಕೆ ಮಡಚಿ ಬಾಗಿಲನ್ನೇ ಒತ್ತುತ್ತದೆ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಗಾಡಿಯ ಮುಂದೆ ಹಾಕುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಬಗ್ಗೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎಲ್ಲ ಮಾರ್ಪಾಡುಗಳಿಗೂ ಸಂಬಂಧಿಸಿದ್ದು. ಆದ್ದರಿಂದ ಹಾಕಿಸುವ ಮೊದಲು ನಿಮ್ಮ ಆರ್‌ಟಿಓದಲ್ಲಿ ಕೇಳಿ. ಗಾಡಿಯ ಅಗಲಕ್ಕಿಂತ ಹೊರಗೆ ಚಾಚಿಕೊಂಡಿರಬಾರದು. ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ.

ಪ್ರಶ್ನೆ: ನಮ್ಮದು ಕಡಲ ಪಕ್ಕದ ಮನೆ. ಸ್ಲೈಡರ್‌ಗೆ ಗ್ಯಾಲ್ವನೈಸಿಂಗ್ (ಸತುವಿನ ಲೇಪ) ಮಾಡಿಸಿದರೆ ಹೇಗೆ?
– ಓದುಗರು, ಮಂಗಳೂರು

ಉತ್ತರ: ಉಪ್ಪುಗಾಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಣ್ಣ ಕೆರೆದು ಹೋದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಇದರಲ್ಲಿ ಒಂದು ಅಪಾಯ ಇದೆ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಸ್ಲೈಡರ್ ಮುಳುಗಿಸುತ್ತಾರೆ. ತುದಿ ಮುಚ್ಚಿದ ಪೈಪಿನೊಳಗೆ ತೇವ ಇದ್ದರೆ ಅದು ಆವಿಯಾಗಿ ಪೈಪು ಸಿಡಿಯುತ್ತದೆ. ಆದ್ದರಿಂದ ಪ್ರತಿ ಪೈಪಿನ ಎರಡೂ ತುದಿಗೆ ತೂತು ಇರಲೇಬೇಕು. ಎಲ್ಲಿ, ಎಷ್ಟು ದೊಡ್ಡದು ಎಂದು ಗ್ಯಾಲ್ವನೈಸಿಂಗ್ ಮಾಡುವವರನ್ನೇ ಕೇಳಿ ಕೊರೆಯಿಸಿ. ವೆಲ್ಡಿಂಗ್ ಎಲ್ಲ ಮೊದಲೇ ಮುಗಿದಿರಲಿ. ಸತುವಿನ ಮೇಲೆ ವೆಲ್ಡ್ ಮಾಡಿದರೆ ಬರುವ ಬಿಳಿ ಹೊಗೆ ಕುಡಿದವರಿಗೆ ಚಳಿ ಜ್ವರ ಬರುತ್ತದೆ. ಬಿಸಿಗೆ ಪೈಪು ಸ್ವಲ್ಪ ಸೊಟ್ಟಗಾಗುವುದೂ ಇದೆ. ಹಾಗಾಗಿ ಮನೆಗೆ ತಂದ ಮೇಲೆ ಗಾಡಿಗೆ ಹಿಡಿದು ಬೋಲ್ಟ್ ತೂತುಗಳು ಕೂಡುತ್ತವೆಯೇ ನೋಡಿ, ಆಮೇಲೆ ಉಳಿದ ಹಣ ಕೊಡಿ.